ಚಳಿ ಬಿಡದ ನೀರಿಗೆ ಯಾವ ಲೂರ್?

ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಹೋಗುತ್ತದೆ ಎನ್ನುವುದು ನಮ್ಮ ಹಿರಿಯರ ಮಾತು. ಮುನಿರಾಬಾದಿನ ತುಂಗಭದ್ರೆಯ ದಂಡೆಯಲ್ಲಿ ಇದು ಮೈಗೇ ತಿಳಿಯುತ್ತದೆ. ಹಬ್ಬಕ್ಕೆ ಮುಂಚೆ ಬೆಳಗಿನ ಗಾಳಕ್ಕೆ ಹೋಗುವಾಗ ಹೆಗಲ ಮೇಲೆ ಟವೆಲ್ಲಾದರೂ ಇರಬೇಕು. ಹಬ್ಬ ಕಳೆದ ಮೇಲೆ ಒಂಬತ್ತು ಗಂಟೆಗೇ ಬಂಡೆ ಕಾದು ಕೂರಲು ಆಗುವುದಿಲ್ಲ. ಅದೇ ದಿನಗಳಲ್ಲಿ ಅಮೆರಿಕದ ಟೆನೆಸ್ಸಿಯಲ್ಲಿರುವ ನನ್ನ ಅಕ್ಕನ ಮಗನಿಂದ ಪ್ರತಿ ವರ್ಷ ಒಂದೇ ಸಂದೇಶ ಬರುತ್ತಿತ್ತು: "ಮಾಮಾ, ಐದು ಗಂಟೆ ನಿಂತೆ, ಒಂದು ಬ್ಯಾಸ್ ಮೀನೂ ಮುಟ್ಟಲಿಲ್ಲ." ಜೊತೆಗೆ ತೆರೆದ ಪೆಟ್ಟಿಗೆಯ ಫೋಟೊ. ಅದರ ತುಂಬ ಕೆಂಪು, ಹಳದಿ, ಬೆಳ್ಳಿ ಬಣ್ಣದ ಲೂರ್‌ಗಳು, ಎಂದರೆ ಮೀನಿಗೆ ಬೇಟೆಯಂತೆ ಕಾಣುವ ಕೃತಕ ಎರೆಗಳು, ಹುಲಿಗಿ ಜಾತ್ರೆಯ ಬಳೆ ಅಂಗಡಿಯ ಹಾಗೆ. ಕೆಳಗೆ ಪ್ರಶ್ನೆ: ಇವುಗಳಲ್ಲಿ ಯಾವುದು?

ಎರಡು ಮಾರ್ಚ್ ತಿಂಗಳು ನಾನೇ ಅಲ್ಲಿಗೆ ಹೋಗಿ ಅವನ ಪಕ್ಕದಲ್ಲಿ ನಿಂತು ಬಂದಿದ್ದೇನೆ. ಕೊಪ್ಪಳ, ಗಂಗಾವತಿ, ಸಿಂಧನೂರು ಕಡೆಯ ಎಷ್ಟೋ ಮಂದಿ ಈಗ ಹೊರದೇಶಗಳಲ್ಲಿದ್ದಾರೆ. ಹೊಳೆಯ ದಂಡೆಯಲ್ಲಿ ಬೆಳೆದವರಿಗೆ ಗಾಳದ ಆಸೆ ಎಲ್ಲಿಗೆ ಹೋದರೂ ಬಿಡುವುದಿಲ್ಲ. ಆದರೆ ಇಲ್ಲಿ ಕಲಿತ ಕೈ ಅಲ್ಲಿನ ತಣ್ಣೀರಿನಲ್ಲಿ ಸೋಲುತ್ತದೆ. ಸೋಲು ಕೈಯದಲ್ಲ, ಕೈಯ ವೇಗದ್ದು. ಆ ಎರಡು ತಿಂಗಳಲ್ಲಿ ನನಗೆ ಮನವರಿಕೆಯಾದದ್ದು ಇಷ್ಟು: ವಸಂತದ ಆರಂಭದಲ್ಲಿ ಲೂರ್ ಆರಿಸುವುದೆಂದರೆ ಬಣ್ಣವನ್ನೋ ಕಂಪನಿಯನ್ನೋ ಆರಿಸುವುದಲ್ಲ, ವೇಗವನ್ನು ಆರಿಸುವುದು. ಪೆಟ್ಟಿಗೆಯಿಂದ ಯಾವುದನ್ನು ಎತ್ತಿಕೊಂಡರೂ ಮೊದಲು ಕೇಳಬೇಕಾದದ್ದು, ಇದು ಎಷ್ಟು ನಿಧಾನವಾಗಿ ಹೋದರೂ ಜೀವಂತವಾಗಿ ಕಾಣುತ್ತದೆಯೇ ಎಂದು.

ಮೀನಿನಿಂದಲೇ ಶುರುಮಾಡೋಣ. ಬ್ಯಾಸ್ ನಮ್ಮ ನೀರಿನದಲ್ಲ. ದೊಡ್ಡ ಬಾಯಿಯ ಬ್ಯಾಸ್ ಉತ್ತರ ಅಮೆರಿಕದ ಪೂರ್ವ ಭಾಗದ ಕೆರೆ, ನದಿಗಳ ಮೀನು. ಹಸಿರು ಮೈ, ಪಕ್ಕೆಯುದ್ದಕ್ಕೂ ಕಪ್ಪು ಪಟ್ಟೆ, ಕಣ್ಣಿನಿಂದಾಚೆಗೂ ಸೀಳಿದ ಬಾಯಿ. ಸ್ವಭಾವದಲ್ಲಿ ನಮ್ಮ ಕೊರವ ಮೀನನ್ನು ಹೋಲುತ್ತದೆ. ಕೊರವನ ಹಾಗೆ ಮರೆಯಲ್ಲಿ ಹೊಂಚು ಹಾಕುತ್ತದೆ, ಕೊರವನ ಹಾಗೆಯೇ ಮೊಟ್ಟೆ ಮರಿಗಳನ್ನು ಕಾಯುತ್ತದೆ. ಗಾಳಕ್ಕೆ ಬಿದ್ದ ಅತಿ ದೊಡ್ಡ ಬ್ಯಾಸ್‌ನ ದಾಖಲೆ 10 ಕಿಲೊ ಚಿಲ್ಲರೆ: 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರಿ ಹಿಡಿದದ್ದು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಅದಕ್ಕೆ ಸರಿಸಾಟಿಯಾದ ಇನ್ನೊಂದನ್ನು ಹಿಡಿದರು.

ಬಹುತೇಕ ಮೀನುಗಳ ಹಾಗೆ ಬ್ಯಾಸ್‌ಗೂ ತನ್ನದೇ ಆದ ಮೈಶಾಖ ಇಲ್ಲ. ನೀರು ಎಷ್ಟು ತಣ್ಣಗೋ ಮೀನಿನ ರಕ್ತ, ಸ್ನಾಯು, ಹೊಟ್ಟೆ ಎಲ್ಲವೂ ಅಷ್ಟೇ ತಣ್ಣಗೆ. ಇದನ್ನು ತಿಳಿಯಲು ಅಮೆರಿಕಕ್ಕೇ ಹೋಗಬೇಕಿಲ್ಲ. ಪುಷ್ಯ ಮಾಸದ ಬೆಳಗಿನಲ್ಲಿ ಆನೆಗುಂದಿಯ ಬಂಡೆಗಳ ಮೇಲೆ ಕುಳಿತ ಓತಿಕ್ಯಾತವನ್ನು ನೋಡಿ. ಬಿಸಿಲು ಏರುವ ಮುಂಚೆ ಅದು ನಾವು ಮಾರು ದೂರಕ್ಕೆ ಬಂದರೂ ಕದಲುವುದಿಲ್ಲ, ಮಧ್ಯಾಹ್ನ ನೆರಳು ಬಿದ್ದರೆ ಸಾಕು, ಮಾಯ. ಅದೇ ಪ್ರಾಣಿ, ಅದೇ ಬಂಡೆ, ಬದಲಾದದ್ದು ಶಾಖ ಮಾತ್ರ. ಜೀವಿಗಳ ದೇಹದೊಳಗಿನ ಕೆಲಸಗಳು ಶಾಖ 10 ಡಿಗ್ರಿ ಇಳಿದರೆ ಸುಮಾರಾಗಿ ಅರ್ಧಕ್ಕೆ ಇಳಿಯುತ್ತವೆ. ಬೇಸಿಗೆಯಲ್ಲಿ 26 ಡಿಗ್ರಿ ನೀರಿನಲ್ಲಿದ್ದ ಬ್ಯಾಸ್ ಫೆಬ್ರವರಿಯಲ್ಲಿ 6 ಡಿಗ್ರಿಗೆ ಬಂದರೆ ಲೆಕ್ಕ ಹಾಕಿ: ಕಾಲು ಭಾಗದ ಹಸಿವು, ಕಾಲು ಭಾಗದ ಚುರುಕು. ಬೇಸಿಗೆಯಲ್ಲಿ ಬೇಗ ಕರಗುತ್ತಿದ್ದ ಊಟ ಈಗ ದಿನಗಟ್ಟಲೆ ಹೊಟ್ಟೆಯಲ್ಲಿಯೇ ಇರುತ್ತದೆ. ಅಂಥ ಮೀನು ಮೂರು ಮಾರು ಅಟ್ಟಿಸಿಕೊಂಡು ಹೋಗಿ ಬೇಟೆ ಹಿಡಿಯುವುದಿಲ್ಲ. ಖರ್ಚು ಗಳಿಕೆಗಿಂತ ಹೆಚ್ಚಾಗುತ್ತದೆ.

ಆದರೆ ಅದು ತಿನ್ನುವುದನ್ನು ನಿಲ್ಲಿಸಿರುವುದಿಲ್ಲ. ಹಲವರು ತಪ್ಪು ತಿಳಿಯುವುದು ಇಲ್ಲಿಯೇ. ವಸಂತದಲ್ಲಿ ಮೊಟ್ಟೆಯಿಡಬೇಕಾದ ಹೆಣ್ಣು ಬ್ಯಾಸ್‌ನ ಹೊಟ್ಟೆಯಲ್ಲಿ ಮೊಟ್ಟೆ ಬಲಿಯುತ್ತಿರುತ್ತದೆ, ಅದಕ್ಕೆ ಆಹಾರ ಬೇಕೇ ಬೇಕು. ವರ್ಷದ ಅತಿ ತೂಕದ ಮೀನುಗಳು ಗಾಳಕ್ಕೆ ಬೀಳುವುದು ಹೆಚ್ಚಾಗಿ ಈ ಚಳಿ ಬಿಡುವ ಕಾಲದಲ್ಲಿಯೇ. ಮೀನು ಬರುವುದಿಲ್ಲ, ನಾವು ಮೀನಿನ ಬಾಯಿಯ ಹತ್ತಿರಕ್ಕೆ ಹೋಗಬೇಕು, ಅಲ್ಲಿ ಕಾಯಬೇಕು. ಅಷ್ಟೇ ವ್ಯತ್ಯಾಸ.

ಥರ್ಮಾಮೀಟರ್ ಮೊದಲು, ಪೆಟ್ಟಿಗೆ ಆಮೇಲೆ

ನಮ್ಮ ಹಿನ್ನೀರಿನಲ್ಲಿ ಮೀನು ಹಿಡಿಯುವವರು ಯಾರೂ ನೀರಿನ ಶಾಖ ಅಳೆಯುವುದಿಲ್ಲ. ಅಳೆಯುವ ಅಗತ್ಯವೂ ಇಲ್ಲ, ಮಾಗಿಯ ಚಳಿಯಲ್ಲೂ ನಮ್ಮ ನೀರು ಬ್ಯಾಸ್‌ನ ಊರಿನವರು ಬೇಸಿಗೆಯ ನೀರು ಎನ್ನುವಷ್ಟು ಬೆಚ್ಚಗಿರುತ್ತದೆ. ಅಲ್ಲಿ ಹಾಗಲ್ಲ. ನನ್ನ ಅಳಿಯ ದೋಣಿ ಇಳಿಸುತ್ತಿದ್ದ ಚಿಕಮಾಗಾ ಜಲಾಶಯ ನಮ್ಮ ತುಂಗಭದ್ರೆಯ ಹಾಗೆಯೇ ನದಿಗೆ ಅಡ್ಡ ಕಟ್ಟಿದ ಕಟ್ಟೆಯ ನೀರು, 1940ರಲ್ಲಿ ಕಟ್ಟಿ ಮುಗಿಸಿದ್ದು. ನಮ್ಮದು ಮುಗಿದದ್ದು 1953ರಲ್ಲಿ. ನಮ್ಮದು ಮಳೆಗಾಲದಲ್ಲಿ ತುಂಬಿ ಬೇಸಿಗೆಗೆ ಬರಿದಾಗುತ್ತದೆ. ಅಲ್ಲಿ ಚಳಿಗಾಲಕ್ಕೆ ನೀರು ಇಳಿಸಿ ವಸಂತದಲ್ಲಿ ಏರಿಸುತ್ತಾರೆ. ಹೀಗೆ ಏರುತ್ತಿರುವ ನೀರು, ಏರುತ್ತಿರುವ ಶಾಖ ಎರಡೂ ಒಟ್ಟಿಗೆ ಬರುವ ಕಾಲ ಅದು.

ಅಲ್ಲಿನವರು ಫ್ಯಾರನ್‌ಹೀಟ್‌ನಲ್ಲಿ ಹೇಳುತ್ತಾರೆ, ಅವರ 50 ಎಂದರೆ ನಮ್ಮ 10. ಆ 10 ಡಿಗ್ರಿ ಒಂದು ಹೊಸ್ತಿಲು. ಅದಕ್ಕಿಂತ ಕೆಳಗೆ ಬ್ಯಾಸ್ ಆಳದ ಅಂಚಿನಲ್ಲಿ, ಕಡಿದಾದ ದಂಡೆಗಳ ಬಳಿ ಗುಂಪಾಗಿ ನಿಂತಿರುತ್ತದೆ. 10 ದಾಟಿದರೆ ಆಳ ಬಿಟ್ಟು ಕೊಲ್ಲಿಗಳ ಬಾಯಿಗೆ, ಕಲ್ಲುಕಟ್ಟೆಗಳ ಮೂಲೆಗೆ, ಹಳೆಯ ಹಳ್ಳದ ಪಾತ್ರದ ದಾರಿ ಹಿಡಿದು ಬರತೊಡಗುತ್ತದೆ. 13ಕ್ಕೆ ಬಹಳಷ್ಟು ಮೀನು ತೆಳುನೀರಿನ ಹತ್ತಿರದಲ್ಲಿರುತ್ತದೆ. 16ರ ಸುಮಾರಿಗೆ ಗೂಡು ಮಾಡುವ ಯೋಚನೆ. ಇವು ಗೆರೆ ಎಳೆದ ಅಂಕಿಗಳಲ್ಲ. ಹಗಲು ಉದ್ದವಾಗುವುದೂ ಮೀನಿಗೆ ತಿಳಿಯುತ್ತದೆ, ಆದ್ದರಿಂದ ತಣ್ಣಗಿದ್ದರೂ ಮಾರ್ಚಿನಲ್ಲಿ ಅದು ಚಡಪಡಿಸುತ್ತದೆ. ಅಂಕಿಗಿಂತಲೂ ಮುಖ್ಯ ಅದು ಯಾವ ಕಡೆಗೆ ಹೊರಟಿದೆ ಎಂಬುದು. ನಿನ್ನೆ 8 ಇದ್ದದ್ದು ಇಂದು 10 ಆಗಿದ್ದರೆ ಒಳ್ಳೆಯ ದಿನ. ನಿನ್ನೆ 13 ಇದ್ದದ್ದು ರಾತ್ರಿಯ ಶೀತಗಾಳಿಗೆ ಇಂದು 11 ಆಗಿದ್ದರೆ, ಅಂಕಿ ದೊಡ್ಡದಾದರೂ ಕೆಟ್ಟ ದಿನ.

ಶಾಖ ಎಲ್ಲ ಕಡೆ ಒಂದೇ ಸಮ ಏರುವುದಿಲ್ಲ. ಸಿಂಧನೂರಿನ ಹೊಲಗಳಲ್ಲಿ ಬರಿಗಾಲಿನಲ್ಲಿ ನಡೆದವರಿಗೆ ಗೊತ್ತು, ಕೆಂಪು ಮಸಾರಿಗಿಂತ ಕಪ್ಪು ಎರೆ ನೆಲ ಬೇಗ ಕಾಯುತ್ತದೆ. ನೀರಿನ ಕೆಳಗೂ ಹಾಗೆಯೇ. ಕಪ್ಪು ಕೆಸರಿನ ತಳವಿರುವ ತೆಳುನೀರಿನ ಕೊಲ್ಲಿ ಮೊದಲು ಬೆಚ್ಚಗಾಗುತ್ತದೆ. ಉತ್ತರದ ದಂಡೆಗೆ ದಕ್ಷಿಣದಿಂದ ಬೀಳುವ ಬಿಸಿಲು ದಿನವಿಡೀ ಸಿಗುತ್ತದೆ, ಉತ್ತರದ ತಣ್ಣನೆಯ ಗಾಳಿಯೂ ಅಲ್ಲಿ ಮರೆಯಾಗುತ್ತದೆ. ಸೇತುವೆಯ ಬುಡದ ಕಲ್ಲುಗಳು ಬಿಸಿಲು ಕುಡಿದು ಸಂಜೆಯವರೆಗೆ ಇಟ್ಟುಕೊಳ್ಳುತ್ತವೆ. ಆದ್ದರಿಂದ ಈ ಕಾಲದಲ್ಲಿ ನಸುಕಿನಲ್ಲಿ ಏಳುವ ನಮ್ಮ ಅಭ್ಯಾಸ ಬಿಡಬೇಕು. ಮಧ್ಯಾಹ್ನ ಎರಡರಿಂದ ಐದರವರೆಗಿನ ಹೊತ್ತೇ ಹೊತ್ತು. ಮೊದಲ ವರ್ಷ ನಾನು ಈ ಮಾತು ನಂಬದೆ ನಾಲ್ಕು ಬೆಳಗುಗಳನ್ನು ಕೈ ಮರಗಟ್ಟಿಸಿಕೊಂಡು ಕಳೆದೆ.

ಸುಮ್ಮನೆ ನಿಲ್ಲಬಲ್ಲ ಲೂರ್

ಈಗ ಪೆಟ್ಟಿಗೆ ತೆರೆಯೋಣ. 10 ಡಿಗ್ರಿಗಿಂತ ಕೆಳಗಿನ, ತಳ ಕಾಣುವಷ್ಟು ತಿಳಿಯಾದ ನೀರಿಗೆ ನಾನು ಮೊದಲು ಎತ್ತುವುದು ಜರ್ಕ್‌ಬೇಟ್. ಅದರಲ್ಲೂ ತೇಲದೆ, ಮುಳುಗದೆ ನೀರಿನ ನಡುವೆ ತೂಗಿ ನಿಲ್ಲುವ ಬಗೆ.

ಅಂಗೈಯಲ್ಲಿಟ್ಟು ನೋಡಿ. ಹನ್ನೊಂದು ಸೆಂಟಿಮೀಟರ್ ಉದ್ದದ ಸಪೂರ ಪ್ಲಾಸ್ಟಿಕ್ ಮೀನು, ಬೆನ್ನಿಗೆ ತೆಳು ಹಸಿರು, ಹೊಟ್ಟೆ ಹಾಲುಬಣ್ಣ, ಪಕ್ಕೆ ಅರ್ಧ ಪಾರದರ್ಶಕ. ಮೂತಿಯ ಕೆಳಗೆ ಹೆಬ್ಬೆರಳ ಉಗುರಿನಷ್ಟು ತುಟಿ. ಹೊಟ್ಟೆಯ ಕೆಳಗೆ ಮೂರು ಕಡೆ ಮೂರು ಮುಳ್ಳಿನ ಗಾಳಗಳು. ಅಲುಗಾಡಿಸಿದರೆ ಒಳಗೆ ಲೋಹದ ಗುಂಡುಗಳು ಕಿಲಕಿಲ ಎನ್ನುತ್ತವೆ. ಬೀಸಿ ಎಸೆದು, ದಾರ ಸುತ್ತುವ ರೀಲನ್ನು ಐದಾರು ಸುತ್ತು ತಿರುಗಿಸಿದರೆ ತುಟಿ ನೀರನ್ನು ಒತ್ತಿ ಲೂರನ್ನು ಒಂದೂವರೆ, ಎರಡು ಮೀಟರ್ ಆಳಕ್ಕೆ ಒಯ್ಯುತ್ತದೆ. ಆಮೇಲೆ ಕೋಲಿನ ತುದಿಯನ್ನು ಕೆಳಮುಖವಾಗಿ ಎರಡು ಬಾರಿ ಸಣ್ಣಗೆ ಜಗ್ಗಬೇಕು. ಲೂರ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆ ಹೊರಳಿಸಿ ಮಿಂಚುತ್ತದೆ. ಮತ್ತೆ ದಾರ ಸಡಿಲ ಬಿಟ್ಟು ಕಾಯಬೇಕು. ಲೂರ್ ಅಲ್ಲಿಯೇ ನಿಂತಿರುತ್ತದೆ.

ಎಷ್ಟು ಹೊತ್ತು? 13 ಡಿಗ್ರಿಯ ನೀರಿನಲ್ಲಿ ಎರಡು ಮೂರು ಎಣಿಸಿದರೆ ಸಾಕು. 10ರಲ್ಲಿ ಹತ್ತರವರೆಗೆ ಎಣಿಸಿ. 7ಕ್ಕಿಂತ ಕೆಳಗಾದರೆ ಇಪ್ಪತ್ತು, ಮೂವತ್ತು. ಬಾಯಲ್ಲಿ ಹೇಳುವುದು ಸುಲಭ, ದಂಡೆಯಲ್ಲಿ ನಿಂತು ಮೂವತ್ತು ಎಣಿಸುವುದು ಬಹಳ ಕಷ್ಟ. ಕೈ ತಾನಾಗಿ ರೀಲ್ ತಿರುಗಿಸಲು ಹೊರಡುತ್ತದೆ. ನನ್ನ ಅಳಿಯ ಹನ್ನೆರಡಕ್ಕೇ ಬಿಡುತ್ತಿದ್ದ. ಅವನಿಗೆ ನಾನು ಹೇಳಿದ್ದು, ಬೆಂಡು ಕಟ್ಟಿ ಎರೆಹುಳು ಹಾಕಿ ಹುಲಿಗಿಯ ಹೊಳೆಯಲ್ಲಿ ನಾವು ಎಷ್ಟು ಹೊತ್ತು ಕೂರುತ್ತಿದ್ದೆವು ನೆನಪಿಸಿಕೋ ಎಂದು. ಗಾಳದವನ ಹಳೆಯ ತಾಳ್ಮೆಯನ್ನು ಹೊಸ ಸಲಕರಣೆಗೆ ಹಾಕಬೇಕು, ಅಷ್ಟೇ.

ಈ ನಿಲುಗಡೆ ಏಕೆ ಕೆಲಸ ಮಾಡುತ್ತದೆ ಎಂಬುದಕ್ಕೆ ಕಾರಣ ಬೇಟೆಯಲ್ಲಿದೆ. ಆ ನೀರಿನಲ್ಲಿ ಬ್ಯಾಸ್‌ನ ಮುಖ್ಯ ಆಹಾರ ಶ್ಯಾಡ್ ಎಂಬ ಬೆಳ್ಳಿಬಣ್ಣದ ಸಣ್ಣ ಮೀನು. ಅದರ ಒಂದು ಜಾತಿ, ಥ್ರೆಡ್‌ಫಿನ್ ಶ್ಯಾಡ್, ಚಳಿಯನ್ನು ತಡೆಯದು. ನೀರು 7 ಡಿಗ್ರಿಯ ಸುಮಾರಿಗೆ ಇಳಿದರೆ ನಿತ್ರಾಣವಾಗುತ್ತದೆ, ಇನ್ನೂ ಇಳಿದರೆ ಗುಂಪುಗುಂಪಾಗಿ ಸಾಯುತ್ತದೆ. ಸಾಯುವ ಶ್ಯಾಡ್ ಎರಡು ಸಲ ಒದ್ದಾಡಿ ನಿಲ್ಲುತ್ತದೆ, ಮತ್ತೆ ಒದ್ದಾಡುತ್ತದೆ. ಮಂದವಾಗಿ ನಿಂತ ಬ್ಯಾಸ್‌ಗೆ ಅದಕ್ಕಿಂತ ಸುಲಭದ ಊಟ ಇನ್ನೊಂದಿಲ್ಲ. ಜರ್ಕ್‌ಬೇಟ್ ಮಾಡುವುದು ಆ ಸಾವಿನ ಒದ್ದಾಟದ ಅನುಕರಣೆ. ಓಡುವ ಮೀನನ್ನು ಅನುಕರಿಸುವ ಲೂರ್ ಆ ನೀರಿನಲ್ಲಿ ಸುಳ್ಳಾಗುತ್ತದೆ, ಏಕೆಂದರೆ ಆ ನೀರಿನಲ್ಲಿ ಯಾರೂ ಓಡುತ್ತಿರುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ, ಇದನ್ನು ಅಂಗಡಿಯವರು ಹೇಳುವುದಿಲ್ಲ. ಡಬ್ಬಿಯ ಮೇಲೆ ತೂಗಿ ನಿಲ್ಲುತ್ತದೆ ಎಂದು ಬರೆದಿದ್ದರೂ ಎಲ್ಲ ನೀರಿನಲ್ಲೂ ನಿಲ್ಲುವುದಿಲ್ಲ. ನೀರು ತಣ್ಣಗಾದಂತೆ ದಟ್ಟವಾಗುತ್ತ 4 ಡಿಗ್ರಿಯಲ್ಲಿ ಅತಿ ಸಾಂದ್ರವಾಗುತ್ತದೆ. 20 ಡಿಗ್ರಿಯಲ್ಲಿ ಸರಿಯಾಗಿ ತೂಗುವ 14 ಗ್ರಾಂ ಲೂರನ್ನು 5 ಡಿಗ್ರಿಯ ನೀರು ಸುಮಾರು 25 ಮಿಲಿಗ್ರಾಂ ಹೆಚ್ಚು ಬಲದಿಂದ ಮೇಲಕ್ಕೆ ಎತ್ತುತ್ತದೆ. ಎಂದರೆ ನಮ್ಮ ಸೋನಾ ಮಸೂರಿಯ ಒಂದೆರಡು ಅಕ್ಕಿಕಾಳಿನ ತೂಕ. ಅದೇ ಹೊತ್ತಿಗೆ ಪ್ಲಾಸ್ಟಿಕ್ ಮೈ ಚಳಿಗೆ ಕೂದಲೆಳೆಯಷ್ಟು ಕುಗ್ಗುತ್ತದೆ, ಅದು ಲೂರನ್ನು ಕೆಳಕ್ಕೆ ಎಳೆಯುತ್ತದೆ. ಯಾವುದು ಗೆಲ್ಲುತ್ತದೆ ಎಂಬುದು ಲೂರಿನಿಂದ ಲೂರಿಗೆ ಬೇರೆ. ಮೂವತ್ತು ಎಣಿಸುವಷ್ಟು ಹೊತ್ತಿನಲ್ಲಿ ಎರಡು ಅಕ್ಕಿಕಾಳಿನ ತೂಕವೂ ಲೂರನ್ನು ಮೀನಿನ ಕಣ್ಣಿನ ಮಟ್ಟದಿಂದ ಎಲ್ಲಿಗೋ ಒಯ್ದುಬಿಡುತ್ತದೆ.

ಇದಕ್ಕೆ ನಾವು ಮಾಡಿದ್ದು ಬಕೆಟ್ ಪರೀಕ್ಷೆ. ಹಿಂದಿನ ರಾತ್ರಿ ಬಕೆಟ್ ನೀರಿಗೆ ಐಸ್ ಹಾಕಿ, ಥರ್ಮಾಮೀಟರ್ ಮರುದಿನದ ಜಲಾಶಯದ ಅಂಕಿಗೆ ಬರುವವರೆಗೆ ಕಲಸಿದೆವು. ಗಾಳ, ಕೊಂಡಿ ಎಲ್ಲ ಕಟ್ಟಿದ ಲೂರನ್ನು ಅದರಲ್ಲಿ ಮುಳುಗಿಸಿ, ಅದೂ ತಣ್ಣಗಾಗಲು ಹತ್ತು ನಿಮಿಷ ಬಿಟ್ಟು, ಬೆರಳಿನಿಂದ ನಡುನೀರಿಗೆ ಒತ್ತಿ ಬಿಟ್ಟೆವು. ಆರು ಲೂರ್‌ಗಳಲ್ಲಿ ಎರಡು ಮಾತ್ರ ಇದ್ದಲ್ಲೇ ಇದ್ದವು. ಮೂರು ಮೆಲ್ಲಗೆ ಮೇಲೆ ಬಂದವು, ಒಂದು ಬಾಲ ಮುಂದಾಗಿ ತಳ ಸೇರಿತು. ಮೇಲೆ ಬರುವವುಗಳ ಹೊಟ್ಟೆಗೆ ಅಂಟಿಸಲು ಬಿಂದಿಯಂಥ ತೆಳು ಲೋಹದ ಚೂರುಗಳು ಸಿಗುತ್ತವೆ. ಅವು ಇಲ್ಲದಿದ್ದರೆ ಮುಂದಿನ ಗಾಳದ ಕಾಂಡಕ್ಕೆ ಸಣ್ಣ ತಂತಿ ಸುತ್ತಿದರೂ ನಡೆಯುತ್ತದೆ. ಮುಳುಗುವುದಕ್ಕೆ ಒಂದು ಅಳತೆ ಚಿಕ್ಕ ಗಾಳ ಹಾಕಿ ನೋಡಬಹುದು. ಮೂತಿ ತುಸು ಕೆಳಗೆ ಬಾಗಿ ನಿಂತರೆ ಅತ್ಯುತ್ತಮ. ಇಷ್ಟು ಮಾಡಿದ ಮೇಲೆ ಅದೇ ಹಳೆಯ ಲೂರ್ ಹೊಸದಾಯಿತು. ಮೂರನೆಯ ದಿನ ಮಧ್ಯಾಹ್ನ, ನೀರು 8 ಡಿಗ್ರಿ, ಹದಿನೇಳು ಎಣಿಸಿದಾಗ ಅಳಿಯನ ದಾರ ಜಗ್ಗಲಿಲ್ಲ, ಸೆಳೆಯಲಿಲ್ಲ, ಸಡಿಲವಾಗಿದ್ದದ್ದು ಒಂದು ಗೇಣು ಪಕ್ಕಕ್ಕೆ ಸರಿಯಿತು, ಅಷ್ಟೇ. ಅವನು ಕೋಲು ಎತ್ತಿದ. ತಣ್ಣೀರಿನ ಬ್ಯಾಸ್ ಕಚ್ಚುವುದು ಹಾಗೆ. ಹೊಡೆತ ಇರುವುದಿಲ್ಲ, ಲೂರನ್ನು ಒಳಕ್ಕೆ ಹೀರಿಕೊಂಡು ನಿಂತಿರುತ್ತದೆ. ಆದ್ದರಿಂದ ಕಣ್ಣು ದಾರ ನೀರಿಗೆ ಇಳಿಯುವ ಜಾಗದ ಮೇಲೆಯೇ ಇರಬೇಕು.

ದಾರದ ಮಾತು ಬಂದದ್ದರಿಂದ ಇಲ್ಲಿಯೇ ಹೇಳಿಬಿಡುತ್ತೇನೆ. ಹೆಣೆದ ದಾರ ತೇಲುತ್ತದೆ, ಲೂರನ್ನು ಮೇಲಕ್ಕೆ ಎಳೆಯುತ್ತದೆ. ಫ್ಲೋರೊಕಾರ್ಬನ್ ಎಂಬ ಒಂಟಿ ಎಳೆಯ ದಾರ ಮುಳುಗುತ್ತದೆ, ನೀರಿನಲ್ಲಿ ಸುಲಭಕ್ಕೆ ಕಾಣುವುದೂ ಇಲ್ಲ. ಜರ್ಕ್‌ಬೇಟಿಗೆ ನಾಲ್ಕೈದು ಕಿಲೊ ತಡೆಯುವ ಫ್ಲೋರೊಕಾರ್ಬನ್ ಸರಿ.

ತಳ ಹಿಡಿದು ಹೋಗುವುದು

ಮೀನು ತಳಕ್ಕೆ ಅಂಟಿ ನಿಂತಿದ್ದರೆ ಜಿಗ್. ಇದು ಎಲ್ಲಕ್ಕಿಂತ ಸರಳ: ಸೀಸದ ಅಥವಾ ಟಂಗ್‌ಸ್ಟನ್ನಿನ ಒಂದು ತಲೆ, ಮೇಲ್ಮುಖವಾಗಿ ಬಾಗಿದ ಒಂದೇ ಗಾಳ, ಗಾಳವನ್ನು ಮುಚ್ಚುವ ಎಳೆಗಳ ಲಂಗ, ಹಿಂದೆ ಮೆತ್ತನೆಯ ರಬ್ಬರಿನಂಥ ಬಾಲ. ಇದು ಕ್ರೇಫಿಶ್‌ನ ಅನುಕರಣೆ. ಕ್ರೇಫಿಶ್ ಎಂದರೆ ಸಿಗಡಿಯ ಮೈಗೆ ಏಡಿಯ ಇಕ್ಕುಳ ಬಂದಂಥ ಸಿಹಿನೀರಿನ ಜೀವಿ. ಚಳಿಗಾಲ ಕಲ್ಲಿನ ಸಂದಿಯಲ್ಲಿ ಕಳೆದು, ನೀರು ಬೆಚ್ಚಗಾದಂತೆ ಹೊರಬರುತ್ತದೆ.

ತಲೆ ಹಗುರವಾದಷ್ಟೂ ಇಳಿಯುವುದು ನಿಧಾನ. ಬೇಸಿಗೆಯಲ್ಲಿ 14 ಗ್ರಾಂ ಹಾಕುವ ಕಡೆ ಈಗ 7ರಿಂದ 10 ಗ್ರಾಂ ಸಾಕು. ಬಾಲವೂ ಹೆಚ್ಚು ಬಡಿಯುವಂಥದ್ದಾಗಿರಬಾರದು. ಎರಡು ಇಕ್ಕುಳ ಪಟಪಟ ಅಲ್ಲಾಡುವ ಬಾಲ ನೋಡಲು ಚೆಂದ, ಆದರೆ ಚಳಿಯಲ್ಲಿ ಮರಗಟ್ಟಿದ ಕ್ರೇಫಿಶ್ ಹಾಗೆ ಅಲ್ಲಾಡುವುದಿಲ್ಲ. ಚಪ್ಪಟೆಯಾದ, ಸಣ್ಣ ಬಾಲ ಒಳ್ಳೆಯದು. ಎಸೆದು ತಳ ಮುಟ್ಟಿಸಿ, ಒಂದು ಅಡಿ ಎಳೆಯಿರಿ, ನಿಲ್ಲಿಸಿ. ಎತ್ತಿ ಕುಣಿಸುವುದು ಬೇಡ, ತಳದ ಮೇಲೆ ತೆವಳಲಿ. ಕೈಗೆ ಕಲ್ಲು, ಕೆಸರು, ಜಲ್ಲಿ ಬೇರೆಬೇರೆಯಾಗಿ ತಿಳಿಯತೊಡಗಿದರೆ ನೀವು ಸರಿಯಾದ ವೇಗದಲ್ಲಿದ್ದೀರಿ.

ನೀರು 7ಕ್ಕಿಂತ ಕೆಳಗಿದ್ದಾಗ ನನಗೆ ಅತಿ ಇಷ್ಟವಾದದ್ದು ಕೂದಲಿನ ಜಿಗ್. ಲಂಗದ ಬದಲು ಜಿಂಕೆಯ ಬಾಲದ ಕೂದಲು ಕಟ್ಟಿರುತ್ತಾರೆ. ಸಿಲಿಕೋನ್ ಎಳೆ ಅಲ್ಲಾಡಬೇಕಾದರೆ ಜಿಗ್ ಅಲ್ಲಾಡಬೇಕು. ಕೂದಲು ಹಾಗಲ್ಲ, ಜಿಗ್ ತಳದಲ್ಲಿ ಕಲ್ಲಿನಂತೆ ಬಿದ್ದಿದ್ದರೂ ನೀರಿನ ಸಣ್ಣ ಸೆಳೆತಕ್ಕೆ ಉಸಿರಾಡಿದಂತೆ ಬಿಚ್ಚಿಕೊಂಡು ಮುಚ್ಚಿಕೊಳ್ಳುತ್ತದೆ. ಲೂರ್ ನಿಶ್ಚಲ, ಆದರೂ ಅದರಲ್ಲಿ ಜೀವ. ತಣ್ಣೀರು ಕೇಳುವುದು ಇದನ್ನೇ.

ಕಿನ್ನಾಳದ ಮರ, ಫಿನ್ಲೆಂಡಿನ ಮೀನು

ಶಾಖ 9, 10 ದಾಟಿ ಮೀನು ಕಲ್ಲುಕಟ್ಟೆಗಳ ಕಡೆ ಹೊರಟಿದೆ, ಎಲ್ಲಿದೆ ಎಂದು ತಿಳಿಯದು ಎನ್ನುವಾಗ ಜಿಗ್ ಹಿಡಿದು ಇಂಚಿಂಚು ಹುಡುಕಿದರೆ ದಿನವೇ ಮುಗಿಯುತ್ತದೆ. ಆಗ ಕ್ರ್ಯಾಂಕ್‌ಬೇಟ್ ಬೇಕು, ಸುಮ್ಮನೆ ರೀಲ್ ಸುತ್ತಿದರೆ ತನ್ನಷ್ಟಕ್ಕೆ ಆಳಕ್ಕೆ ಹೋಗಿ ಅಲ್ಲಾಡುತ್ತ ಬರುವ ಲೂರ್. ಆದರೆ ಯಾವ ಕ್ರ್ಯಾಂಕ್‌ಬೇಟ್ ಎಂಬುದು ಬಹಳ ಮುಖ್ಯ. ಗುಂಡುಹೊಟ್ಟೆಯವು ಅಗಲವಾಗಿ ಹೊಯ್ದಾಡುತ್ತವೆ, ಅವು ಬೇಸಿಗೆಗೆ. ಚಪ್ಪಟೆ ಪಕ್ಕೆಯವು ಬಿಗಿಯಾಗಿ, ನಡುಗಿದಂತೆ ಅಲ್ಲಾಡುತ್ತವೆ. ತಣ್ಣೀರಿಗೆ ಅವೇ ಬೇಕು.

ಇಂಥವು ಹೆಚ್ಚಾಗಿ ಬಾಲ್ಸಾ ಎಂಬ ಅತಿ ಹಗುರ ಮರದವು. ಅದನ್ನು ಮೊದಲ ಬಾರಿ ಕೈಯಲ್ಲಿ ಹಿಡಿದಾಗ ನನಗೆ ನೆನಪಾದದ್ದು ಕಿನ್ನಾಳದ ಗೊಂಬೆ. ಕೊಪ್ಪಳದ ಹತ್ತಿರದ ಕಿನ್ನಾಳದ ಚಿತ್ರಗಾರರು ಆರಿಸಿಕೊಳ್ಳುವುದೂ ಹಗುರ ಮರವನ್ನೇ. ಕೆತ್ತಿ, ಹುಣಸೆಬೀಜದ ಅಂಟಿನಲ್ಲಿ ಮೈ ತುಂಬಿ, ನುಣುಪು ಮಾಡಿ ಬಣ್ಣ ಕೊಡುತ್ತಾರೆ. ಅವರ ಗಿಳಿಯನ್ನು ಎತ್ತಿದರೆ ಕಣ್ಣು ಹೇಳಿದ ತೂಕ ಕೈಗೆ ಸಿಗುವುದಿಲ್ಲ. ಬಾಲ್ಸಾ ಲೂರ್ ಕೂಡ ಹಾಗೆಯೇ. ಆ ಹಗುರತನದಿಂದಲೇ ಅದು ರೀಲಿನ ಅತಿ ಮೆಲ್ಲನೆಯ ಸುತ್ತಿಗೂ ಎಚ್ಚೆತ್ತು ನಡುಗುತ್ತದೆ. ಭಾರದ ಪ್ಲಾಸ್ಟಿಕ್ ಲೂರ್ ಅಷ್ಟು ನಿಧಾನಕ್ಕೆ ಕೋಲಿನಂತೆ ಬರುತ್ತದೆ. ಫಿನ್ಲೆಂಡಿನ ಮೀನುಗಾರ ಲೌರಿ ರಪಾಲಾ 1936ರಲ್ಲಿ ಬೆಂಡನ್ನು ಕೆತ್ತಿ, ಚಾಕೊಲೇಟ್ ಸುತ್ತಿದ ಬೆಳ್ಳಿಹಾಳೆ ಹೊದಿಸಿ, ಕರಗಿಸಿದ ಫೋಟೊ ನೆಗೆಟಿವ್‌ನಿಂದ ಮೆರುಗು ಕೊಟ್ಟು ತನ್ನ ಮೊದಲ ಲೂರ್ ಮಾಡಿದ್ದು ಇದೇ ಗುಣಕ್ಕಾಗಿ: ಗಾಯಗೊಂಡ ಸಣ್ಣ ಮೀನಿನ ನಡುಕ. ಅವನ ನೀರೂ ತಣ್ಣನೆಯದೇ. ನಮ್ಮ ಚಿತ್ರಗಾರರ ಕೈಯಲ್ಲಿ ಒಂದು ಚಪ್ಪಟೆ ಪಕ್ಕೆಯ ಮೀನು ಕೆತ್ತಿಸಿ ಅಲ್ಲಿಗೆ ಒಯ್ಯಬೇಕೆಂಬ ಆಸೆ ನನಗೆ ಇನ್ನೂ ಇದೆ.

ಕ್ರ್ಯಾಂಕ್‌ಬೇಟ್ ಕಲ್ಲಿಗೆ ತಾಗಬೇಕು. ತಾಗಿದೊಡನೆ ರೀಲ್ ನಿಲ್ಲಿಸಿ, ಒಂದು ಕ್ಷಣ ಬಿಟ್ಟು ಮತ್ತೆ ಸುತ್ತಿ. ಹೊಡೆತ ಬೀಳುವುದು ಆ ಕ್ಷಣದಲ್ಲಿ.

ನೀರೊಳಗೆ ಕಳೆದ ವರ್ಷದ ಹುಲ್ಲಿನ ಕೂಳೆ ಇರುವ ಜಲಾಶಯಗಳಲ್ಲಿ ಇನ್ನೊಂದು ಬಗೆ ಬೇಕು: ತುಟಿಯಿಲ್ಲದ, ಮುಳುಗುವ, ಒಳಗೆ ಗುಂಡು ಕಿಲಗುಟ್ಟುವ ಚಪ್ಪಟೆ ಲೂರ್. ಅದನ್ನು ಹುಲ್ಲಿನ ತುದಿ ಸವರುವಂತೆ ಎಳೆದು, ಸಿಕ್ಕಿಕೊಂಡಾಗ ಕೋಲು ಜಾಡಿಸಿ ಬಿಡಿಸಿಕೊಳ್ಳುತ್ತಾರೆ. ಬಿಡಿಸಿಕೊಂಡು ಹಾರಿ ಮತ್ತೆ ಇಳಿಯುವಾಗ ಮೀನು ಹಿಡಿಯುತ್ತದೆ. ಟೆಕ್ಸಸ್‌ನ ಸ್ಯಾಮ್ ರೇಬರ್ನ್ ಜಲಾಶಯದಲ್ಲಿ ಚಳಿ ಮುಗಿಯುವ ಹೊತ್ತಿಗೆ ಕೆಂಪು ಬಣ್ಣದ ಈ ಲೂರ್ ಹೆಸರುವಾಸಿ. ಇಡೀ ಪೆಟ್ಟಿಗೆಯಲ್ಲಿ ತಣ್ಣೀರಿನಲ್ಲಿಯೂ ತುಸು ವೇಗಕ್ಕೆ ಒಗ್ಗುವುದು ಇದೊಂದೇ, ಅದೂ ಶಾಖ ಏರುತ್ತಿರುವ ದಿನಗಳಲ್ಲಿ.

ಮಳೆ ಬಂದು ನೀರು ಕದಡಿದ್ದರೆ ಸ್ಪಿನ್ನರ್‌ಬೇಟ್. ಅದರ ತಗಡಿನ ಎಲೆ ತಿರುಗುತ್ತ ನೀರನ್ನು ಬಡಿಯುತ್ತದೆ. ಮೀನಿನ ಪಕ್ಕೆಯುದ್ದಕ್ಕೂ ಇರುವ ಪಾರ್ಶ್ವರೇಖೆ ಎಂಬ ಇಂದ್ರಿಯ ಆ ಬಡಿತವನ್ನು ಕಣ್ಣಿಗೆ ಕಾಣುವ ಮೊದಲೇ ಗ್ರಹಿಸುತ್ತದೆ. ಅಗಲವಾದ, ದುಂಡನೆಯ ಎಲೆ ನಿಧಾನಕ್ಕೂ ತಿರುಗುತ್ತದೆ, ಅದನ್ನೇ ಆರಿಸಿ.

ಬಣ್ಣದ ವಿಷಯ

ಪೆಟ್ಟಿಗೆಯ ಮುಂದೆ ಎಲ್ಲರೂ ಮೊದಲು ಕೇಳುವುದು ಬಣ್ಣ. ನಾನು ಅದನ್ನು ಕೊನೆಗೆ ಇಟ್ಟಿದ್ದೇನೆ. ಬ್ಯಾಸ್‌ನ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಕೋಶಗಳು ಎರಡು ಬಗೆಯವು ಮಾತ್ರ, ಒಂದು ಹಸಿರಿಗೆ, ಇನ್ನೊಂದು ಕೆಂಪಿಗೆ. ನಮಗೆ ಮೂರು ಬಗೆ. ನಮಗೆ ಬೇರೆಬೇರೆಯಾಗಿ ಕಾಣುವ ಎಷ್ಟೋ ಬಣ್ಣಗಳು ಅದಕ್ಕೆ ಒಂದೇ. ತಿಳಿನೀರಿನಲ್ಲಿ ಆಳಕ್ಕೆ ಹೋದಂತೆ ಮೊದಲು ಮಾಯವಾಗುವುದು ಕೆಂಪು. ಕದಡಿದ ತೆಳುನೀರಿನಲ್ಲಿ ಅದೇ ಕೆಂಪು ಬೇರೆ ಬಣ್ಣಗಳಿಗಿಂತ ಹೆಚ್ಚು ದೂರ ಉಳಿಯುತ್ತದೆ. ಆದ್ದರಿಂದ ತಿಳಿನೀರಿಗೆ ಶ್ಯಾಡ್‌ನ ಹಾಗೆ ಅರೆಪಾರದರ್ಶಕ ಬಿಳಿ, ಕದಡಿದ ತೆಳುನೀರಿಗೆ ಕ್ರೇಫಿಶ್‌ನ ಕೆಂಪು ಕಂದು, ಜಿಗ್‌ಗೆ ಕಂದು ಅಥವಾ ಕಪ್ಪು. ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುವ ಹೊತ್ತನ್ನು ಬಕೆಟ್ ಪರೀಕ್ಷೆಗೆ ಕೊಡಿ ಎಂದು ನಾನು ಅಳಿಯನಿಗೆ ಹೇಳುತ್ತೇನೆ, ನಿಮಗೂ ಅದನ್ನೇ.

ಊರಿಗೆ ಮರಳಿದಾಗ ಒಬ್ಬ ಹುಡುಗ ಕೇಳಿದ, ಆ ಮೀನನ್ನು ನಮ್ಮ ಹಿನ್ನೀರಿಗೆ ತಂದು ಬಿಡಬಾರದೇ ಎಂದು. ಬಿಡಬಾರದು. ಜಪಾನಿನ ಆಶಿ ಸರೋವರಕ್ಕೆ 1925ರಲ್ಲಿ ಬ್ಯಾಸ್ ತಂದು ಬಿಟ್ಟರು. ಅಲ್ಲಿಂದ ಅದು ದೇಶವೆಲ್ಲ ಹಬ್ಬಿ ಸ್ಥಳೀಯ ಸಣ್ಣ ಮೀನುಗಳನ್ನು ತಿಂದಿತು, ಕೊನೆಗೆ ಅದನ್ನು ಸಾಕುವುದು, ಸಾಗಿಸುವುದು, ನೀರಿಗೆ ಬಿಡುವುದನ್ನೆಲ್ಲ ಕಾನೂನಿನಿಂದ ತಡೆಯಬೇಕಾಯಿತು. ಇಲ್ಲಿ ನಮ್ಮ ಕಟ್ಟೆಯ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಆ ನೀರುನಾಯಿಗಳ ಊಟ ನಮ್ಮ ಮೀನುಗಳೇ. ಅಲ್ಲಿ ಹರಿದ ನೈಲಾನ್ ದಾರ ಬಿಟ್ಟು ಬರುವುದೂ ತಪ್ಪೇ. ಅಮೆರಿಕದಲ್ಲಿ ಗಾಳಕ್ಕೆ ಇಳಿಯುವ ಮುಂಚೆ ಆಯಾ ರಾಜ್ಯದ ಪರವಾನಗಿ ಪಡೆಯುವುದನ್ನೂ ಮರೆಯಬಾರದು.

ನೀರು 16 ಡಿಗ್ರಿಗೆ ಬಂದ ದಿನ ಚಿಕಮಾಗಾದ ಒಂದು ಕೊಲ್ಲಿಯಲ್ಲಿ, ಮೊಣಕಾಲುದ್ದದ ನೀರಿನ ಕೆಳಗೆ, ತಟ್ಟೆಯಗಲದ ಬಿಳಿ ಜಾಗಗಳು ಕಂಡವು. ಗಂಡು ಬ್ಯಾಸ್ ಬಾಲದಿಂದ ಕೆಸರು ಗುಡಿಸಿ ಜಲ್ಲಿ ತೆರೆದಿತ್ತು, ಪಕ್ಕದಲ್ಲಿಯೇ ರೆಕ್ಕೆ ಆಡಿಸುತ್ತ ನಿಂತಿತ್ತು. ಅಳಿಯ ಕೋಲು ಎತ್ತಲಿಲ್ಲ. ಜರ್ಕ್‌ಬೇಟ್‌ಗಳ ಗಾಳ ಒರೆಸಿ, ಹೊಟ್ಟೆಗೆ ಅಂಟಿಸಿದ ಚೂರುಗಳನ್ನು ಹಾಗೆಯೇ ಬಿಟ್ಟು, ಮುಂದಿನ ಫೆಬ್ರವರಿಗೆಂದು ಪೆಟ್ಟಿಗೆಯ ಕೆಳಗಿನ ಅರೆಗೆ ಹಾಕಿದ.